ಮೀಟರ್ 4 ಅನ್ನುತ್ತದೆ, ಕ್ಯಾಮೆರಾ ಕತ್ತಲು ತೋರಿಸುತ್ತದೆ: ಎರಡನ್ನೂ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕಿರುಚಿತ್ರ ಮಾಡುವ ಹುಡುಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಲೈಟ್ ಮೀಟರ್ ಎಫ್ 4 ಹೇಳ್ತು. ಲೆನ್ಸ್‌ಗೂ 4 ಇಟ್ಟೆ. ಆದ್ರೂ ಮುಖ ಕಪ್ಪು. ಮೀಟರ್ ಕೆಟ್ಟಿದ್ಯಾ?" ಕೆಟ್ಟಿರುವುದಿಲ್ಲ. ಆದರೆ ಅವರು ಅಷ್ಟರಲ್ಲಿ ಕಣ್ಣಂದಾಜಿನಲ್ಲಿ ಲೆನ್ಸಿನ ತೂತನ್ನು ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟು ಬರುವಷ್ಟು, ತೆರೆದಿರುತ್ತಾರೆ. ಮುಂದಿನ ಶಾಟ್‌ಗೆ ಇನ್ನೊಂದು ಅಂದಾಜು. ಸಂಜೆ ಹೊತ್ತಿಗೆ ಮೀಟರ್ ಬ್ಯಾಗಿನಲ್ಲಿ ಮಲಗಿರುತ್ತದೆ. ಎಡಿಟಿಂಗ್‌ಗೆ ಕೂತಾಗ ಒಂದೇ ಜಗುಲಿಯ ನಾಲ್ಕು ಶಾಟ್ ನಾಲ್ಕು ಥರ.

ಮೇಲಿನ ಕೆರೆಯಲ್ಲಿ ತೂಬು ತೆಗೆದರೆ ಬಿಟ್ಟ ನೀರೆಲ್ಲ ಕೆಳಗಿನ ತೋಟಕ್ಕೆ ಬರುವುದಿಲ್ಲ. ದಾರಿಯಲ್ಲಿ ಒಂದಿಷ್ಟು ಸೋರುತ್ತದೆ. ಮೀಟರ್ ಅಳೆಯುವುದು ತೂಬಿನ ಹತ್ತಿರ, ಅಂದರೆ ಮುಖದ ಮೇಲೆ ಬಿದ್ದ ಬೆಳಕನ್ನು. ಕ್ಯಾಮೆರಾ ಅಳೆಯುವುದು ಫಿಲ್ಟರ್, ಎನ್‌ಡಿ (ಬೆಳಕು ತಗ್ಗಿಸುವ ಕಪ್ಪು ಗಾಜು), ಲೆನ್ಸ್‌ನೊಳಗಿನ ಗಾಜು ಎಲ್ಲ ದಾಟಿ ಸೆನ್ಸರ್‌ಗೆ ತಲುಪಿದ್ದನ್ನು. ನಮಗೆ ಬೇಕಾದ್ದು ಸೋರಿಕೆ ಎಷ್ಟು ಅನ್ನುವ ಒಂದು ಅಂಕಿ, ಅಷ್ಟೆ. ಅದನ್ನು ಮನೆಯಲ್ಲಿ ಕೂತು ಒಮ್ಮೆ ಕಂಡುಹಿಡಿಯಬೇಕು, ಸೆಟ್‌ನಲ್ಲಿ ಅಲ್ಲ. ಎರಡು ಗಂಟೆ ಬಿಡುವು ಮಾಡಿಕೊಳ್ಳಿ.

## ಬೇಕಾದ ಸಾಮಾನು

ಅರ್ಧ ಪಿಂಗ್‌ಪಾಂಗ್ ಚೆಂಡಿನಂಥ ಬಿಳಿ ಡೋಮ್ ಇರುವ ಇನ್ಸಿಡೆಂಟ್ ಮೀಟರ್, ಅಂದರೆ ಮೇಲೆ ಬೀಳುವ ಬೆಳಕನ್ನು ಅಳೆಯುವಂಥದ್ದು. ಒಂದು ಬದಿ ಶೇ. 18 ಬೂದು, ಇನ್ನೊಂದು ಬದಿ ಬಿಳಿ ಇರುವ ಗ್ರೇ ಕಾರ್ಡ್. ಟ್ರೈಪಾಡ್. ವೇವ್‌ಫಾರ್ಮ್ (ಚಿತ್ರದ ಬೆಳಕನ್ನು 0ಯಿಂದ 100ರ ಅಂಕಿಯಲ್ಲಿ ತೋರಿಸುವ ಗ್ರಾಫ್) ತೋರಿಸುವ ಕ್ಯಾಮೆರಾ ಅಥವಾ ಮಾನಿಟರ್. ಬ್ಯಾಟರಿಯಲ್ಲಿ ಉರಿಯುವ ಒಂದು ಎಲ್‌ಇಡಿ ಲೈಟ್, ಅದರ ಮುಂದೆ ಕಟ್ಟಲು ಡಿಫ್ಯೂಷನ್ ಅಥವಾ ತೆಳು ಬಿಳಿ ಬಟ್ಟೆ. ಅಳತೆ ಟೇಪು, ಅಂಟಿಸಲು ಪೇಪರ್ ಟೇಪು, ಪೆನ್ನು, ಒಂದು ನೋಟ್‌ಬುಕ್.

ಗ್ರೇ ಕಾರ್ಡನ್ನು ಪ್ರಿಂಟರ್‌ನಲ್ಲಿ ತೆಗೆದುಕೊಳ್ಳಬೇಡಿ. ಆ ಬೂದು ಶೇ. 18 ಬರುವುದು ಅದೃಷ್ಟದ ಮಾತು. ಫೋನ್ ಆ್ಯಪ್ ಕೂಡ ಈ ಕೆಲಸಕ್ಕೆ ಬೇಡ. ಅದರಲ್ಲಿ ಪರೀಕ್ಷೆ ಮಾಡಿದರೆ ಸೋರಿಕೆ ಲೆನ್ಸ್‌ನದ್ದೋ ಫೋನ್‌ನದ್ದೋ ಗೊತ್ತಾಗುವುದಿಲ್ಲ.

## ಹಂತ 1: ಕ್ಯಾಮೆರಾ ತಾನಾಗಿ ಮಾಡುವುದನ್ನೆಲ್ಲ ನಿಲ್ಲಿಸಿ

ಆಟೊ ಐಎಸ್‌ಒ, ಆಟೊ ಐರಿಸ್, ಆಟೊ ಎನ್‌ಡಿ, ಆಟೊ ವೈಟ್ ಬ್ಯಾಲೆನ್ಸ್ ಎಲ್ಲ ಬಂದ್. ಎನ್‌ಡಿ ಪೂರ್ತಿ ಹೊರಗೆ. ಲೆನ್ಸ್ ಮುಂದಿನ ಫಿಲ್ಟರ್ ಬಿಚ್ಚಿ. ಮೊದಲ ಪರೀಕ್ಷೆ ಬರಿ ಲೆನ್ಸ್‌ನಲ್ಲೇ ಆಗಬೇಕು. ಫಿಲ್ಟರ್ ಹಾಕಿಕೊಂಡೇ ಶುರುಮಾಡಿದರೆ ಯಾರು ಎಷ್ಟು ಬೆಳಕು ತಿಂದರು ಎಂದು ಆಮೇಲೆ ಬಿಡಿಸಲು ಆಗುವುದಿಲ್ಲ.

ಐಎಸ್‌ಒ ಕ್ಯಾಮೆರಾದ ಬೇಸ್ ಅಂಕಿಗೆ, ಅಂದರೆ ಸೆನ್ಸರ್‌ನ ಮೂಲ ಅಂಕಿಗೆ ಇಡಿ. ಸೋನಿ ಎಫ್‌ಎಕ್ಸ್3, ಎಫ್‌ಎಕ್ಸ್6ರಲ್ಲಿ ಎಸ್‌-ಲಾಗ್3ಗೆ (ಚಿತ್ರವನ್ನು ಮಂಕಾಗಿ ರೆಕಾರ್ಡ್ ಮಾಡಿ, ಆಮೇಲೆ ತಿದ್ದಲು ಜಾಗ ಬಿಡುವ ಲಾಗ್ ಮೋಡ್) ಅದು 800 ಮತ್ತು 12800. ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 6ಕೆಯಲ್ಲಿ 400 ಮತ್ತು 3200. ಸಿನಿ ಇಐ (ಎಕ್ಸ್‌ಪೋಷರ್ ಇಂಡೆಕ್ಸ್) ಮೋಡ್‌ನಲ್ಲಿ ಇದ್ದರೆ ಇಐ ಅಂಕಿಯನ್ನೂ ಬೇಸ್‌ಗೇ ತನ್ನಿ. ಆ ಮೋಡ್‌ನಲ್ಲಿ ಇಐ ಬದಲಿಸಿದರೆ ಬದಲಾಗುವುದು ನೀವು ನೋಡುವ ಚಿತ್ರ. ಮೆಮೊರಿ ಕಾರ್ಡಿನೊಳಗೆ ಹೋಗುವುದು ಬೇಸ್ ಐಎಸ್‌ಒದಲ್ಲೇ. ಇದು ಗೊತ್ತಿಲ್ಲದೆ ತಲೆ ಕೆಡಿಸಿಕೊಂಡವರು ಬಹಳ ಜನ.

ಶಟರ್‌ಗೆ 25 ಫ್ರೇಮ್, 180 ಡಿಗ್ರಿ ಇಡಿ. ಅದು ಸೆಕೆಂಡಿನ 1/50. ನಮ್ಮ ಕರೆಂಟು 50 ಹರ್ಟ್ಸ್, ಲೈಟು ಮಿಣುಕುವುದು ಸೆಕೆಂಡಿಗೆ 100 ಸಲ. 1/50 ಮತ್ತು 1/100 ಅದಕ್ಕೆ ಸರಿಹೊಂದುತ್ತವೆ. 24 ಫ್ರೇಮ್‌ನಲ್ಲೇ ತೆಗೆಯುವವರು 172.8 ಡಿಗ್ರಿ ಇಟ್ಟುಕೊಳ್ಳಿ, ಅದೂ 1/50 ಆಗುತ್ತದೆ.

## ಹಂತ 2: ಮೀಟರ್‌ನಲ್ಲೂ ಅದೇ ಅಂಕಿ

ಐಎಸ್‌ಒ 800, ಶಟರ್ 1/50. ಮೀಟರ್‌ನಲ್ಲಿ ಸಿನಿ ಮೋಡ್ ಇದ್ದರೆ ಫ್ರೇಮ್ ರೇಟ್ 25, ಆ್ಯಂಗಲ್ 180.

ಹಳೆಯ ತಿದ್ದುಪಡಿ ಏನಾದರೂ ಉಳಿದಿದೆಯಾ ನೋಡಿ. ಒಮ್ಮೆ ಬಾಡಿಗೆಗೆ ತಂದ ಮೀಟರ್‌ನಲ್ಲಿ ಹಿಂದೆ ಬಳಸಿದವರು ಹಾಕಿದ್ದ ಒಂದು ಸ್ಟಾಪ್ ತಿದ್ದುಪಡಿ ಹಾಗೇ ಇತ್ತು. ಪರದೆಯ ಮೂಲೆಯಲ್ಲಿ ಸಣ್ಣ ಗುರುತೂ ಇತ್ತು. ನಾನೇ ನೋಡಲಿಲ್ಲ. ಅರ್ಧ ದಿನ ಲೆನ್ಸ್‌ಗೆ ಬೈದೆ.

ಅಂಕಿ ಓದುವಾಗ ಆಗುವ ತಪ್ಪು ಇನ್ನೊಂದು. ಡಿಜಿಟಲ್ ಮೀಟರ್‌ನಲ್ಲಿ ದೊಡ್ಡದಾಗಿ 4.0, ಪಕ್ಕದಲ್ಲಿ ಚಿಕ್ಕದಾಗಿ 5 ಬಂದರೆ ಅದು 4.5 ಅಲ್ಲ. 4 ಮತ್ತು ಹತ್ತರಲ್ಲಿ ಐದು ಭಾಗ, ಅಂದರೆ ಎಫ್ 4 ಮತ್ತು 5.6ರ ನಡುವಿನ ಅರ್ಧ ಸ್ಟಾಪ್. ಲೆನ್ಸ್‌ನ 4.5 ಅಂದರೆ ಮೂರನೇ ಒಂದು ಸ್ಟಾಪ್ ಮಾತ್ರ. ಚಿಕ್ಕ ಅಂಕಿ 3 ಬಂದಾಗ ಲೆನ್ಸ್‌ನಲ್ಲಿ ಒಂದು ಕ್ಲಿಕ್ (ಮೂರನೇ ಒಂದು ಸ್ಟಾಪ್), 7 ಬಂದಾಗ ಎರಡು ಕ್ಲಿಕ್ ಎಂದು ನೆನಪಿಟ್ಟುಕೊಂಡರೆ ಸಾಕು.

ಮೀಟರ್ ಮೇಲೇ ಅನುಮಾನ ಇದ್ದರೆ ಮೋಡವಿಲ್ಲದ ಮಧ್ಯಾಹ್ನ ಅಂಗಳಕ್ಕೆ ಹೋಗಿ. ಐಎಸ್‌ಒ 100, ಶಟರ್ 1/100 ಇಟ್ಟು ಡೋಮನ್ನು ಬಿಸಿಲಿಗೆ ಹಿಡಿಯಿರಿ. ಎಫ್ 16ರ ಆಸುಪಾಸು ಬರಬೇಕು. ಅರ್ಧ ಸ್ಟಾಪ್ ಆಚೀಚೆ ಆದರೆ ಚಿಂತೆಯಿಲ್ಲ. ಎರಡು ಸ್ಟಾಪ್ ವ್ಯತ್ಯಾಸ ಬಂದರೆ ಬ್ಯಾಟರಿ ಬದಲಿಸಿ ಮತ್ತೆ ನೋಡಿ. ಹಳೇ ಸೆಲೆನಿಯಂ ಮೀಟರ್ ಆದರೆ ಅದರ ಸೆಲ್ ವಯಸ್ಸಾಗಿ ಸೋತಿರಬಹುದು.

## ಹಂತ 3: ಕದಲದ ಬೆಳಕು

ಮಳೆಗಾಲದಲ್ಲಿ ಹೊರಗೆ ಪರೀಕ್ಷೆ ಮಾಡಬೇಡಿ. ಆಗುಂಬೆ ಕಡೆ ಮೋಡ ಒಂದೇ ಸಮ ಇದ್ದಂತೆ ಕಣ್ಣಿಗೆ ಕಾಣುತ್ತದೆ. ಮೀಟರ್ ಹಿಡಿದು ನಿಂತರೆ ಐದೇ ನಿಮಿಷದಲ್ಲಿ ಒಂದು ಸ್ಟಾಪ್ ಏರಿ ಇಳಿಯುತ್ತದೆ.

ಮನೆಯೊಳಗೆ, ಕಿಟಕಿ ಮುಚ್ಚಿ, ಒಂದೇ ಎಲ್‌ಇಡಿ. ಬ್ಯಾಟರಿಯದ್ದೇ ಆಗಲಿ ಎಂದಿದ್ದಕ್ಕೆ ಕಾರಣ ಇದೆ. ಪಕ್ಕದ ತೋಟದಲ್ಲಿ ಪಂಪ್‌ಸೆಟ್ ಚಾಲೂ ಆದ ಕೂಡಲೇ ನಮ್ಮ ಮನೆ ಬಲ್ಬು ಕಣ್ಣು ಮುಚ್ಚಿ ತೆಗೆಯುತ್ತದೆ. ನಿಮ್ಮಲ್ಲೂ ಹಾಗೇ ಅಲ್ವಾ? ಲೈಟ್ ಹಚ್ಚಿ ಹತ್ತು ನಿಮಿಷ ಬಿಡಿ. ಕೆಲವು ಎಲ್‌ಇಡಿಗಳು ಬಿಸಿಯಾದ ಮೇಲೆ ಸ್ವಲ್ಪ ಮಂಕಾಗಿ ನಿಲ್ಲುತ್ತವೆ. ಬಣ್ಣದ ಬೆಳಕು ಬೇಡ, ಬಿಳಿಯೇ ಇರಲಿ. ಕಡು ನೀಲಿ, ಕಡು ಕೆಂಪು ಎಲ್‌ಇಡಿಯಲ್ಲಿ ಮೀಟರ್‌ನ ಕಣ್ಣಿಗೂ ಸೆನ್ಸರ್‌ನ ಕಣ್ಣಿಗೂ ತಾಳೆಯೇ ಆಗುವುದಿಲ್ಲ.

ಲೈಟ್‌ನಿಂದ ಕಾರ್ಡ್‌ಗೆ ಎರಡು ಮೀಟರ್ ದೂರ ಇರಲಿ. ಒಂದೇ ಮೀಟರ್ ಇದ್ದರೆ, ಡೋಮ್ ಹತ್ತು ಸೆಂಟಿಮೀಟರ್ ಲೈಟಿನ ಕಡೆ ಸರಿದರೂ ಮೂರನೇ ಒಂದು ಸ್ಟಾಪ್ ಜಾಸ್ತಿ ತೋರಿಸುತ್ತದೆ. ಎರಡು ಮೀಟರ್‌ನಲ್ಲಿ ಅದೇ ತಪ್ಪು ಅರ್ಧಕ್ಕೆ ಇಳಿಯುತ್ತದೆ.

## ಹಂತ 4: ಕಾರ್ಡ್ ನಿಲ್ಲಿಸಿ ಅಳೆಯಿರಿ

ಜಾಸ್ತಿ ಜನ ಎಡವುವುದು ಇಲ್ಲಿ, ಹಾಗಾಗಿ ನಿಧಾನ ಮಾಡಿ.

ಕಾರ್ಡ್ ಫ್ರೇಮಿನ ನಟ್ಟನಡುವೆ ಇರಲಿ. ಅಂಚಿಗೆ ಹೋದಷ್ಟೂ ಲೆನ್ಸ್ ಕತ್ತಲು ಕಟ್ಟುತ್ತದೆ. ಕಾರ್ಡ್ ಲೆನ್ಸ್‌ಗೆ ನೇರ ಮುಖ ಮಾಡಿರಲಿ, ಲೈಟ್ ಸ್ವಲ್ಪ ಪಕ್ಕದಿಂದ ಬರಲಿ. ಮಾನಿಟರ್‌ನಲ್ಲಿ ಕಾರ್ಡ್ ಮೇಲೆ ಎಣ್ಣೆ ಸವರಿದಂಥ ಹೊಳಪು ಕಂಡರೆ ಲೈಟನ್ನು ಇನ್ನಷ್ಟು ಪಕ್ಕಕ್ಕೆ ಒಯ್ಯಿರಿ. ಹೊಳಪಿನ ಮೇಲೆ ಓದಿದ ಅಂಕಿಗೆ ಬೆಲೆ ಇಲ್ಲ.

ಈಗ ಮೀಟರ್. ಚಪ್ಪಟೆ ಕಾರ್ಡ್‌ಗೆ ಚಪ್ಪಟೆ ಅಳತೆ ಬೇಕು. ಡೋಮ್ ಒಳಗೆ ಇಳಿಸಿ, ಅಥವಾ ಬಿಳಿ ಚಪ್ಪಟೆ ಬಿಲ್ಲೆ ಹಾಕಿ. ಮೀಟರ್ ಬೆನ್ನು ಕಾರ್ಡ್‌ಗೆ ತಾಗಿರಲಿ, ಬಿಲ್ಲೆ ಕಾರ್ಡ್ ನೋಡುವ ದಿಕ್ಕಿಗೇ ನೋಡಲಿ. ಉಬ್ಬಿದ ಡೋಮ್ ಮುಖಕ್ಕೆ ಇರುವುದು. ಮುಖಕ್ಕೆ ಮೂಗಿದೆ, ಕೆನ್ನೆಯಿದೆ, ಕಾರ್ಡ್‌ಗೆ ಏನೂ ಇಲ್ಲ.

ಕೈ ಚಾಚಿ, ಮೈ ದೂರ ಇಟ್ಟು ಮೂರು ಸಲ ಅಳೆಯಿರಿ. ಮೂರೂ ರೀಡಿಂಗ್ ಹತ್ತರಲ್ಲಿ ಎರಡು ಭಾಗದೊಳಗೆ ಇರಬೇಕು.

ಹೊಸನಗರದ ಕಡೆ ಅತ್ತೆ ಮನೆಯಲ್ಲಿ ಒಮ್ಮೆ ನನಗೆ ಮೂರು ಥರ ಬಂತು. 4.0. ಆಮೇಲೆ 4.0 ಪಕ್ಕ 3. ಆಮೇಲೆ 4.0 ಪಕ್ಕ 5. ಲೈಟ್ ಕದಲಿಲ್ಲ, ಕಾರ್ಡ್ ಕದಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಎಂತದೋ ಅದು, ಗೋಡೆಗೆ ಜ್ವರ ನೋಡ್ತಾ ಇದ್ದೀಯಾ?" ಅಂದರು. ಸ್ವಲ್ಪ ಹೊತ್ತಾದ ಮೇಲೆ ಅವರೇ, "ನೀ ಹತ್ರ ಹೋದಾಗೆಲ್ಲ ಗೋಡೆ ಬೆಳ್ಳಗಾಗ್ತದೆ ನೋಡು" ಅಂದರು. ಪೂಜೆ ಮುಗಿಸಿ ಹಾಗೇ ಬಂದು ಕೂತಿದ್ದೆ, ಬಿಳಿ ಪಂಚೆ, ಬಿಳಿ ಅಂಗಿ. ಲೈಟು ನನ್ನ ಅಂಗಿಗೆ ಬಡಿದು ಕಾರ್ಡ್ ಮೇಲೆ ಬೀಳುತ್ತಿತ್ತು. ಥರ್ಮಾಕೋಲ್ ಹಿಡಿದು ನಿಂತ ಲೈಟ್ ಬಾಯ್ ಕೆಲಸ ನಾನೇ ಮಾಡುತ್ತಿದ್ದೆ. ಅತ್ತೆ ಮಾವನ ಕರಿ ಕಂಬಳಿ ಕೊಟ್ಟರು. ಹೊದ್ದುಕೊಂಡು ಅಳೆದೆ. ಮೂರು ಸಲವೂ 4.0.

ಪರೀಕ್ಷೆಗೆ ಕಪ್ಪು ಬಟ್ಟೆ ಹಾಕಿಕೊಳ್ಳಿ. ಸುಣ್ಣ ಬಳಿದ ಗೋಡೆ ಪಕ್ಕದಲ್ಲೇ ಇದ್ದರೆ ಅದಕ್ಕೂ ಕಂಬಳಿ ಇಳಿಬಿಡಿ.

## ಹಂತ 5: ವೇವ್‌ಫಾರ್ಮ್‌ನಲ್ಲಿ ಬೂದು ಎಲ್ಲಿ ಕೂರಬೇಕು

ಮೀಟರ್ ಹೇಳಿದ ಅಪರ್ಚರ್ (ಎಫ್ ಅಂಕಿ) ಲೆನ್ಸ್‌ಗೆ ಹಾಕಿ. ಸುಲಭಕ್ಕೆ ಲೈಟನ್ನು ಡಿಮ್ ಮಾಡಿ ಮೀಟರ್ ಸರಿಯಾಗಿ 4.0 ತೋರಿಸುವಂತೆ ಮಾಡಿಕೊಳ್ಳಿ. ಈಗ ವೇವ್‌ಫಾರ್ಮ್‌ನಲ್ಲಿ ಕಾರ್ಡ್‌ನ ಗೆರೆ ನೋಡಿ.

ಶೇ. 18 ಬೂದು ಎಸ್‌-ಲಾಗ್3ರಲ್ಲಿ 41ಕ್ಕೆ ಕೂರಬೇಕು. ಪ್ಯಾನಸೋನಿಕ್ ವಿ-ಲಾಗ್‌ನಲ್ಲಿ 42, ಆರಿಯ ಲಾಗ್-ಸಿ3ರಲ್ಲಿ 39ರ ಹತ್ತಿರ, ಬ್ಲ್ಯಾಕ್‌ಮ್ಯಾಜಿಕ್‌ನ ಐದನೇ ಪೀಳಿಗೆಯ ಫಿಲ್ಮ್ ಕರ್ವ್‌ನಲ್ಲಿ 38ರ ಹತ್ತಿರ, ರೆಡ್‌ನ ಲಾಗ್3ಜಿ10ನಲ್ಲಿ 33. "ಗ್ರೇ ಅಂದ್ರೆ 50" ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು ಒಂದು ಸ್ಟಾಪ್ ಓವರ್ ತೆಗೆದವರನ್ನು ನೋಡಿದ್ದೇನೆ. ಪ್ರತಿ ಲಾಗ್‌ಗೂ ಅದರದ್ದೇ ಅಂಕಿ.

ವೇವ್‌ಫಾರ್ಮ್ ನೋಡುವ ಮುಂಚೆ ಮಾನಿಟರ್‌ನ ಲಟ್ (ಮಂಕು ಲಾಗ್ ಚಿತ್ರಕ್ಕೆ ಬಣ್ಣ, ಹೊಳಪು ತುಂಬಿ ತೋರಿಸುವ ಫೈಲ್) ತೆಗೆಯಿರಿ. ಲಟ್ ಇದ್ದಾಗ ಕೆಲವು ಮಾನಿಟರ್ ಲಟ್ ಆದ ಮೇಲಿನ ಸಿಗ್ನಲ್ ಅಳೆಯುತ್ತವೆ, ಆಗ 41ಕ್ಕೆ ಅರ್ಥವೇ ಇರುವುದಿಲ್ಲ. ವೇವ್‌ಫಾರ್ಮ್ ಕ್ಯಾಮೆರಾದಲ್ಲೂ ಇಲ್ಲ, ಮಾನಿಟರೂ ಇಲ್ಲ ಅನ್ನುವವರು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಲಟ್, ಕಲರ್ ಮ್ಯಾನೇಜ್‌ಮೆಂಟ್ ಏನೂ ಇಲ್ಲದೆ ತೆರೆದು ನೋಡಿ. ಅಲ್ಲಿ 1023ಕ್ಕೆ ಲೆಕ್ಕ, ಎಸ್‌-ಲಾಗ್3ರ ಬೂದು 420.

ಕಾರ್ಡ್ ತಿರುಗಿಸಿ ಬಿಳಿ ಬದಿಯನ್ನೂ ನೋಡಿ. ಬೂದು 41ಕ್ಕೆ ಇದ್ದಾಗ ಶೇ. 90 ಬಿಳಿ 61ರ ಹತ್ತಿರ ಬರಬೇಕು. ಬೂದು ಸರಿಯಾಗಿ ಕೂತು ಬಿಳಿ 80, 90ಕ್ಕೆ ಹಾರಿದರೆ ನೀವು ನೋಡುತ್ತಿರುವುದು ಲಾಗ್ ಅಲ್ಲ. ಎಲ್ಲೋ ಲಟ್ ಉಳಿದಿದೆ ಅಥವಾ ಪಿಕ್ಚರ್ ಪ್ರೊಫೈಲ್ ಬೇರೆ ಇದೆ. ಅಲ್ಲೇ ನಿಲ್ಲಿಸಿ, ಹಂತ 1ಕ್ಕೆ ವಾಪಸ್ ಹೋಗಿ.

## ಹಂತ 6: ಸೋರಿಕೆ ಎಷ್ಟು?

ನನ್ನ ನೋಟ್‌ಬುಕ್‌ನ ಒಂದು ಪುಟ ಹೀಗಿದೆ. ಸ್ಟಿಲ್ ಕ್ಯಾಮೆರಾದ ಜೂಮ್ ಲೆನ್ಸ್, ಎಸ್‌-ಲಾಗ್3, ಐಎಸ್‌ಒ 800. ಮೀಟರ್ 4.0. ಲೆನ್ಸ್ 4. ಬೂದು ಕೂತದ್ದು 35ಕ್ಕೆ. ಲೆನ್ಸ್ ಒಂದು ಕ್ಲಿಕ್ ತೆರೆದು 3.5 ಮಾಡಿದೆ, 38 ಬಂತು. ಇನ್ನೊಂದು ಕ್ಲಿಕ್, 3.2. ಗೆರೆ 41ಕ್ಕೆ ಏರಿತು. ಎರಡು ಕ್ಲಿಕ್, ಅಂದರೆ ಮೂರನೇ ಎರಡು ಸ್ಟಾಪ್ ಸೋರಿಕೆ.

ಎಸ್‌-ಲಾಗ್3ರಲ್ಲಿ ಬೂದಿನ ಆಸುಪಾಸು ಒಂದು ಸ್ಟಾಪ್ ಅಂದರೆ ಎಂಟರಿಂದ ಒಂಬತ್ತು ಅಂಕ, ಒಂದು ಕ್ಲಿಕ್ ಅಂದರೆ ಮೂರು ಅಂಕ. ಈ ಲೆಕ್ಕ ಬಾಯಿಗೆ ಬಂದರೆ ಆಮೇಲೆ ಕ್ಲಿಕ್ ಮಾಡುವುದೂ ಬೇಡ, ಗೆರೆ ನೋಡಿಯೇ ಹೇಳಬಹುದು.

ಇದೇ ಪರೀಕ್ಷೆಯನ್ನು ಲೈಟ್ ಡಿಮ್ ಮಾಡಿ 2.8ಕ್ಕೆ, ಜಾಸ್ತಿ ಮಾಡಿ 5.6ಕ್ಕೆ ಇನ್ನೆರಡು ಸಲ ಮಾಡಿ. ಮೂರರಲ್ಲೂ ಸೋರಿಕೆ ಒಂದೇ ಬಂದರೆ ಕೆಲಸ ಸಲೀಸು. ಒಂದು ಕ್ಲಿಕ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಲೆನ್ಸ್‌ನ ಅಪರ್ಚರ್ ಗುರುತುಗಳೇ ಸಮ ಇಲ್ಲ. ಕೈಯಲ್ಲಿ ತಿರುಗಿಸುವ ಹಳೇ ಲೆನ್ಸ್‌ಗಳಲ್ಲಿ ಇದು ಮಾಮೂಲು. ಅಂಥ ಲೆನ್ಸ್‌ಗೆ ನೀವು ನಿಜವಾಗಿ ಬಳಸುವ ಒಂದು ಅಪರ್ಚರ್ ಆಯ್ದುಕೊಂಡು ಅದಕ್ಕಷ್ಟೇ ಅಂಕಿ ಬರೆದಿಡಿ.

ಗೆರೆ 41ಕ್ಕಿಂತ ಮೇಲೆ ಬಂದರೆ? ಸೋರಿಕೆಯಿಂದ ನೀರು ಜಾಸ್ತಿ ಆಗುವುದಿಲ್ಲವಲ್ಲ. ಸ್ಪೀಡ್‌ಬೂಸ್ಟರ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕಿ ಬೆಳಕು ಹೆಚ್ಚಿಸುವ ಅಡಾಪ್ಟರ್) ಹಾಕಿದ್ದರೆ ಅದು ಸರಿಯೇ, 0.71ರದ್ದು ಒಂದು ಸ್ಟಾಪ್ ಕೊಡುತ್ತದೆ. ಇಲ್ಲದಿದ್ದರೆ ಮೀಟರ್ ಮೇಲೆ ನಿಮ್ಮದೇ ನೆರಳು ಬಿದ್ದಿದೆ, ಅಥವಾ ಎರಡರ ಐಎಸ್‌ಒ ಬೇರೆ ಇದೆ.

## ಹಂತ 7: ತಿಂದವರು ಯಾರು?

ಎಫ್ ಅಂಕಿ ಬರಿ ಅಳತೆಯ ಲೆಕ್ಕ. ಲೆನ್ಸ್‌ನ ಫೋಕಲ್ ಲೆಂತನ್ನು (ಲೆನ್ಸ್ ಮೇಲೆ ಮಿ.ಮೀ.ನಲ್ಲಿ ಬರೆದ ಅಂಕಿ) ತೂತಿನ ಅಗಲದಿಂದ ಭಾಗಿಸಿದ್ದು. ಗಾಜು ತಿಂದ ಬೆಳಕು ಅದರಲ್ಲಿ ಸೇರಿಲ್ಲ. ಟಿ ಅಂಕಿಯಲ್ಲಿ ಸೇರಿದೆ. ಎಫ್ 2.8 ಎಂದು ಬರೆದ ಸ್ಟಿಲ್ ಜೂಮ್ ಟಿ 3.2ರ ಹತ್ತಿರ ಬೆಳಕು ಕೊಡುವುದು ಸಾಮಾನ್ಯ. ಅಲ್ಲಿಗೇ ಒಂದು ಕ್ಲಿಕ್ ಹೋಯಿತು. ಸಿನಿ ಲೆನ್ಸ್ ಮೇಲೆ ಇರುವುದೇ ಟಿ ಅಂಕಿ, ಹಾಗಾಗಿ ಅದರ ಸೋರಿಕೆ ಬಹುತೇಕ ಸೊನ್ನೆಗೆ ಹತ್ತಿರ. ಉಳಿದದ್ದು ಮೀಟರ್ ತಯಾರಕರು, ಕ್ಯಾಮೆರಾ ತಯಾರಕರು ತಮ್ಮ ತಮ್ಮ ಲೆಕ್ಕಕ್ಕೆ ಇಟ್ಟುಕೊಂಡ ಸಣ್ಣ ವ್ಯತ್ಯಾಸ. ಅದರ ಜಾತಕ ಹುಡುಕಬೇಡಿ. ಒಟ್ಟು ಅಂಕಿ ಸಿಕ್ಕಿದರೆ ಸಾಕು.

ನಮ್ಮಲ್ಲಿ ಇನ್ನೊಬ್ಬ ಕಳ್ಳ ಇದ್ದಾನೆ, ಬೂಷ್ಟು. ಒಂದು ಮಳೆಗಾಲ ಲೆನ್ಸನ್ನು ಬ್ಯಾಗಿನಲ್ಲೇ ಬಿಟ್ಟರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂತೆ ಹಬ್ಬುತ್ತದೆ. ಟಾರ್ಚ್ ಹಿಡಿದು ಹಿಂದಿನಿಂದ ನೋಡಿ. ಕ್ಯಾಮೆರಾದಲ್ಲಿ ಅದರ ಲಕ್ಷಣ ಏನೆಂದರೆ, ಕಪ್ಪು ಬಟ್ಟೆ ತೋರಿಸಿದರೂ ವೇವ್‌ಫಾರ್ಮ್‌ನ ತಳದ ಗೆರೆ ತೇಲಿಕೊಂಡೇ ಇರುತ್ತದೆ.

ಬರಿ ಲೆನ್ಸ್ ಮುಗಿದ ಮೇಲೆ ಫಿಲ್ಟರ್‌ಗಳನ್ನು ಒಂದೊಂದಾಗಿ ಹಾಕಿ ಗೆರೆ ಎಷ್ಟು ಇಳಿಯಿತು ಬರೆದುಕೊಳ್ಳಿ. ಎನ್‌ಡಿ 0.3 ಅಂದರೆ ಒಂದು ಸ್ಟಾಪ್, 0.6 ಎರಡು, 0.9 ಮೂರು, ಹೀಗೆ. ಬರೆದಷ್ಟೇ ಇರುತ್ತದೆ ಎಂದು ನಂಬಬೇಡಿ. 0.6 ಹಾಕಿ, ಎರಡು ಸ್ಟಾಪ್ ತೆರೆದು, ಬೂದು ಮತ್ತೆ 41ಕ್ಕೆ ಬರುತ್ತದಾ ನೋಡಿ. ತಿರುಗಿಸುವ ವೇರಿಯಬಲ್ ಎನ್‌ಡಿಯ ಗುರುತುಗಳನ್ನಂತೂ ಮರೆತೇಬಿಡಿ. ಅದನ್ನು ಬಳಸಲೇಬೇಕಾದರೆ ಪ್ರತಿ ಸಲ ಕಾರ್ಡ್ ಇಟ್ಟು ಗೆರೆ ನೋಡಿಯೇ ಹೊಂದಿಸಬೇಕು, ಮೀಟರ್ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಎನ್‌ಡಿ ಬೇಡವೇ ಬೇಡ ಅನ್ನುವಂತಿಲ್ಲ. ಬಿರುಬಿಸಿಲಿನಲ್ಲಿ ಐಎಸ್‌ಒ 800, 1/50ಕ್ಕೆ ಮೀಟರ್ ಎಫ್ 64 ಕೇಳುತ್ತದೆ. ನಿಮಗೆ 5.6 ಬೇಕಾದರೆ ಏಳು ಸ್ಟಾಪ್ ಕಡಿಮೆ ಮಾಡಬೇಕು, ಎನ್‌ಡಿ 2.1. ಅಷ್ಟು ದಪ್ಪದ ಅಗ್ಗದ ಎನ್‌ಡಿಯಲ್ಲಿ ಇನ್ಫ್ರಾರೆಡ್ ನುಸುಳುತ್ತದೆ. ಕರಿ ಕೊಡೆ ಬಟ್ಟೆ ಕಂದು ಬಣ್ಣಕ್ಕೆ ತಿರುಗಿದರೆ ಅದೇ ಗುರುತು. ಅದು ಎಕ್ಸ್‌ಪೋಷರ್ ತಪ್ಪಲ್ಲ, ಅಪರ್ಚರ್ ತಿರುಗಿಸಿ ಪ್ರಯೋಜನ ಇಲ್ಲ. ಫಿಲ್ಟರ್ ಬದಲಿಸಬೇಕು.

## ಹಂತ 8: ಅಂಕಿಯನ್ನು ಮೀಟರ್‌ಗೆ ತುಂಬಿ

ಸುಲಭ ದಾರಿ ಮೀಟರ್‌ನ ಐಎಸ್‌ಒ ಇಳಿಸುವುದು. ಒಂದು ಕ್ಲಿಕ್ ಸೋರಿಕೆಗೆ 800ರ ಬದಲು 640, ಎರಡು ಕ್ಲಿಕ್‌ಗೆ 500, ಪೂರ್ತಿ ಒಂದು ಸ್ಟಾಪ್‌ಗೆ 400. ಕ್ಯಾಮೆರಾ 800ರಲ್ಲೇ ಇರುತ್ತದೆ. ನನ್ನ ಆ ಜೂಮ್‌ಗೆ ಮೀಟರ್‌ನಲ್ಲಿ 500. ಈಗ ಅದೇ ಬೆಳಕಿಗೆ ಮೀಟರ್ 3.2 ಹೇಳುತ್ತದೆ, ಲೆನ್ಸ್‌ಗೆ 3.2 ಇಟ್ಟರೆ ಬೂದು 41.

ಮೀಟರ್‌ನ ಮೆನುವಿನಲ್ಲಿ ತಿದ್ದುಪಡಿ ಹಾಕುವ ದಾರಿಯೂ ಇದೆ. ಅದರಲ್ಲಿ ಪ್ಲಸ್ ಹಾಕಬೇಕೋ ಮೈನಸ್ ಹಾಕಬೇಕೋ ಎಂದು ಎಲ್ಲರೂ ಒಮ್ಮೆ ಎಡವುತ್ತಾರೆ. ಹಾಕಿದ ಮೇಲೆ ಮೀಟರ್ ಮೊದಲಿಗಿಂತ ಚಿಕ್ಕ ಎಫ್ ಅಂಕಿ ತೋರಿಸಬೇಕು. ದೊಡ್ಡದು ತೋರಿಸಿದರೆ ಚಿಹ್ನೆ ಉಲ್ಟಾ ಆಗಿದೆ. ಎರಡರಲ್ಲಿ ಒಂದೇ ದಾರಿ ಹಿಡಿಯಿರಿ. ಮೀಟರ್‌ನಲ್ಲೂ ತಿದ್ದಿ, ಅಭ್ಯಾಸಬಲದಿಂದ ಲೆನ್ಸ್‌ನಲ್ಲೂ ಎರಡು ಕ್ಲಿಕ್ ತೆರೆದು, ಕೊನೆಗೆ ಓವರ್ ಆದ ಶಾಟ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಲೆನ್ಸ್ ಮೇಲೆ ಪೇಪರ್ ಟೇಪು ಅಂಟಿಸಿ "ಮೀಟರ್ 500" ಎಂದು ಬರೆಯಿರಿ. ಎಲ್ಲ ಲೆನ್ಸ್‌ಗೂ ಹೀಗೇ. ಎನ್‌ಡಿಯನ್ನು ಮಾತ್ರ ನಾನು ಮೀಟರ್‌ಗೆ ತುಂಬುವುದಿಲ್ಲ. ತೆಗೆದಾಗ ಮೀಟರ್‌ನಲ್ಲಿ ಬದಲಿಸುವುದು ಮರೆತೇ ಹೋಗುತ್ತದೆ. ಕ್ಯಾಮೆರಾ ಪಕ್ಕ ಟೇಪಿನಲ್ಲಿ "ಎನ್‌ಡಿ 2 ಸ್ಟಾಪ್" ಎಂದು ಬರೆದು, ಅಪರ್ಚರ್ ಹೇಳುವಾಗ ಬಾಯಿಬಿಟ್ಟು ಕಳೆಯುತ್ತೇನೆ: "ಮೀಟರ್ 8, ಎನ್‌ಡಿ ಎರಡು, ಲೆನ್ಸ್ 4." ಅಸಿಸ್ಟೆಂಟ್‌ಗೂ ಕೇಳುತ್ತದೆ, ತಪ್ಪಿದರೆ ಅವನೇ ಹೇಳುತ್ತಾನೆ.

## ಹಂತ 9: ಮುಖ, ತೋಟ, ಮಂಜು

ಈಗ ಡೋಮ್ ಹೊರಗೆ ತನ್ನಿ. ಮುಖದ ಪಕ್ಕ ಹಿಡಿದು, ಡೋಮನ್ನು ಕ್ಯಾಮೆರಾ ಕಡೆ ತಿರುಗಿಸಿ ಅಳೆಯಿರಿ. ಗಾಜಿನ ಹೆಂಚಿನಿಂದ ಬೆಳಕು ಇಳಿಯುವ ನಡುಮನೆಯಲ್ಲಿ ಜನ ಡೋಮನ್ನು ಮೇಲಕ್ಕೆ, ಹೆಂಚಿನ ಕಡೆ ಹಿಡಿಯುತ್ತಾರೆ. ಮೀಟರ್ ನೆತ್ತಿಯ ಬೆಳಕು ಹೇಳುತ್ತದೆ, ಕಣ್ಣು ಕಪ್ಪು ಗುಳಿ ಆಗುತ್ತದೆ.

ಮುಖ ಯಾವ ಅಂಕಿಗೆ ಕೂರಬೇಕು ಎಂಬುದರಲ್ಲಿ ಒಂದು ಮಾತು. ಫಾಲ್ಸ್ ಕಲರ್‌ನಲ್ಲಿ (ಬೆಳಕಿನ ಮಟ್ಟವನ್ನು ಬಣ್ಣ ಹಚ್ಚಿ ತೋರಿಸುವ ಪರದೆ) ಮುಖ ಗುಲಾಬಿ ಬರಲೇಬೇಕು ಎಂದು ವಿಡಿಯೊ ಪಾಠಗಳಲ್ಲಿ ಹೇಳುತ್ತಾರೆ. ಆ ಗುಲಾಬಿ ಬೂದಿಗಿಂತ ಒಂದು ಸ್ಟಾಪ್ ಮೇಲಿನದು, ಬಿಳಿಯರ ಚರ್ಮಕ್ಕೆ ಇಟ್ಟ ಗುರುತು. ನಮ್ಮ ಗೋಧಿ ಬಣ್ಣ, ಕಂದು ಬಣ್ಣದ ಮುಖಗಳು ಅಲ್ಲಿ ಹಸಿರಾಗಿ ಕಾಣುವ ಬೂದಿನ ಮಟ್ಟದ ಹತ್ತಿರ, ಹೆಚ್ಚೆಂದರೆ ಅರ್ಧ ಸ್ಟಾಪ್ ಮೇಲೆ ಬಂದರೆ ಅದೇ ಸರಿ. ತೋಟದಲ್ಲಿ ದುಡಿದ ಮುಖ ಅದಕ್ಕೂ ಕೆಳಗೆ ಬರಬಹುದು. ಮೀಟರ್ ಹೊಂದಿಸಿದ ಮೇಲೂ "ಮುಖ ಅಂಡರ್ ಇದೆ" ಎಂದು ಸ್ಟಾಪ್ ತೆರೆಯುವವರ ತಪ್ಪು ಬಹುಪಾಲು ಇದೇ. ಚರ್ಮದ ಬಣ್ಣವನ್ನು ಎಕ್ಸ್‌ಪೋಷರ್ ತಪ್ಪು ಅಂದುಕೊಳ್ಳುತ್ತಾರೆ.

ಅಡಿಕೆ ತೋಟದೊಳಗೆ ಎರಡು ರೀಡಿಂಗ್ ಬೇಕೇ ಬೇಕು. ಒಂದು ನೆರಳಲ್ಲಿ, ಇನ್ನೊಂದು ಸೋಗೆ ಸಂದಿಯಿಂದ ಬಿದ್ದ ಬಿಸಿಲ ಚುಕ್ಕೆಯಲ್ಲಿ. ನಾನು ಅಳೆದ ತೋಟಗಳಲ್ಲಿ ಐದು ಸ್ಟಾಪ್‌ವರೆಗೂ ವ್ಯತ್ಯಾಸ ಸಿಕ್ಕಿದೆ. ಎರಡರ ನಡುವಿನ ಸರಾಸರಿ ಇಟ್ಟರೆ ಮುಖವೂ ಹಾಳು, ಚುಕ್ಕೆಯೂ ಹಾಳು. ನಟ ನಿಲ್ಲುವುದು ನೆರಳಲ್ಲಾದರೆ ನೆರಳಿಗೆ ಇಡಿ, ಚುಕ್ಕೆ ಬೆಳ್ಳಗೆ ಹೋಗುತ್ತದಾ ಎಂದು ವೇವ್‌ಫಾರ್ಮ್‌ನಲ್ಲಿ ನೋಡಿ, ಹೋಗುವುದಾದರೆ ನಟನನ್ನೇ ಒಂದು ಹೆಜ್ಜೆ ಸರಿಸಿ. ಡೋಮ್ ಅರ್ಧ ಚುಕ್ಕೆಯಲ್ಲಿ ಅರ್ಧ ನೆರಳಲ್ಲಿ ಇದ್ದರೆ ಆ ರೀಡಿಂಗ್ ಬರೆದುಕೊಳ್ಳಲೂ ಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಮತ್ತೆ ಅಳೆಯಿರಿ, ಚುಕ್ಕೆ ನಡೆಯುತ್ತಾ ಇರುತ್ತದೆ.

ಕುಂದಾದ್ರಿ ಬೆಟ್ಟದ ಬೆಳಗಿನ ಮಂಜಿನಲ್ಲಿ ಸಮಸ್ಯೆ ಬೇರೆ. ಇನ್ಸಿಡೆಂಟ್ ಮೀಟರ್‌ಗೆ ನಟನಿಗೂ ಕ್ಯಾಮೆರಾಗೂ ನಡುವಿನ ಮಂಜು ಕಾಣುವುದೇ ಇಲ್ಲ. ವೇವ್‌ಫಾರ್ಮ್‌ನ ತಳ ಎದ್ದು, ತಲೆ ತಗ್ಗಿ, ಎಲ್ಲ ನಡುವಿಗೆ ಬಂದಿರುತ್ತದೆ. ಕಾರ್ಡ್ ಗೆರೆಯೂ 41 ಬಿಟ್ಟು ಮೇಲೆ ಬರಬಹುದು. ಇದನ್ನು ನೋಡಿ ಸೋರಿಕೆ ಅಂಕಿ ತಿದ್ದಬೇಡಿ, ಅದು ಮಂಜಿನ ಕೆಲಸ. ಹತ್ತಿರದ ಮುಖಕ್ಕೆ ಇನ್ಸಿಡೆಂಟ್ ರೀಡಿಂಗ್ ನಂಬಿ. ದೂರದ ಶಾಟ್‌ಗೆ ಸ್ಪಾಟ್ ಮೀಟರ್‌ನಿಂದ (ದೂರದಲ್ಲಿ ನಿಂತು ಒಂದು ಸಣ್ಣ ಜಾಗದಿಂದ ಬರುವ ಬೆಳಕನ್ನು ಅಳೆಯುವಂಥದ್ದು) ಮಂಜನ್ನೇ ಅಳೆದು, ಅದನ್ನು ಬೂದಿಗಿಂತ ಒಂದೂವರೆಯಿಂದ ಎರಡು ಸ್ಟಾಪ್ ಮೇಲೆ ಕೂರಿಸಿ. ಸ್ಪಾಟ್ ಹೇಳಿದ್ದನ್ನು ಹಾಗೇ ಇಟ್ಟರೆ ಬೆಳ್ಳನೆ ಮಂಜು ಒಲೆ ಹೊಗೆಯಂತೆ ಬರುತ್ತದೆ.

ಸ್ಪಾಟ್ ಅಂದಾಗ ಇದೂ ಗೊತ್ತಿರಲಿ. ಒಂದೇ ಮೀಟರ್‌ನಲ್ಲಿ ಗ್ರೇ ಕಾರ್ಡನ್ನು ಸ್ಪಾಟ್‌ನಲ್ಲಿ ಅಳೆದರೂ ಇನ್ಸಿಡೆಂಟ್‌ನಲ್ಲಿ ಅಳೆದರೂ ಒಂದೇ ಬರಬೇಕೆಂದಿಲ್ಲ. ಕಾಲು, ಅರ್ಧ ಸ್ಟಾಪ್ ವ್ಯತ್ಯಾಸ ಸಹಜ, ಎರಡರ ಲೆಕ್ಕದ ಆಧಾರ ಬೇರೆ. ಸೆಕಾನಿಕ್ ಸ್ಪಾಟ್‌ಗೆ 12.5 ಎಂಬ ಸ್ಥಿರಾಂಕ ಬಳಸಿದರೆ ಹಳೇ ಮಿನೋಲ್ಟಾ, ಪೆಂಟಾಕ್ಸ್ ಮೀಟರ್‌ಗಳಲ್ಲಿ 14, ಆರನೇ ಒಂದು ಸ್ಟಾಪ್ ಅಲ್ಲಿಗೇ ಆಚೀಚೆ. ಸ್ಪಾಟ್ ಜಾಸ್ತಿ ಬಳಸುವವರು ಹಂತ 4ರಿಂದ 6ನ್ನು ಸ್ಪಾಟ್‌ಗೆ ಇನ್ನೊಮ್ಮೆ ಮಾಡಿ ಬೇರೆ ಅಂಕಿ ಬರೆದಿಡಿ.

## ಮತ್ತೆ ಯಾವಾಗ ಪರೀಕ್ಷೆ?

ಹೊಸ ಲೆನ್ಸ್ ಬಂದಾಗ, ಮೀಟರ್ ಬಿದ್ದಾಗ, ಕ್ಯಾಮೆರಾದ ಲಾಗ್ ಬದಲಿಸಿದಾಗ, ಎರಡನೇ ಬೇಸ್ ಐಎಸ್‌ಒ ಬಳಸುವ ಮೊದಲು. ಮಳೆಗಾಲ ಮುಗಿದ ಮೇಲೆ ತಪ್ಪದೆ ಒಮ್ಮೆ.

ಜೋಗದ ತುಂತುರಿನಲ್ಲೋ ಜಡಿಮಳೆಯಲ್ಲೋ ತೆಗೆಯುವಾಗ ಡೋಮ್ ಮೇಲೆ ಹನಿ ಕೂರದಂತೆ ನೋಡಿಕೊಳ್ಳಿ. ಅಂಗಿ ತುದಿಯಲ್ಲಿ ಉಜ್ಜಬೇಡಿ, ಗೀರು ಬಿದ್ದು ಜಿಡ್ಡು ಹಿಡಿಯುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಮನೆಗೆ ಬಂದ ಮೇಲೆ ಬ್ಯಾಟರಿ ಬಿಚ್ಚಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನಾನು ಲೆನ್ಸ್‌ಗಳನ್ನೂ ಅದೇ ಡಬ್ಬಿಗೆ ಹಾಕುತ್ತೇನೆ, ಟೇಪಿನ ಮೇಲಿನ ಅಂಕಿ ಹೊರಗಿನಿಂದಲೇ ಕಾಣುವ ಹಾಗೆ.